ಒಂದು ವರ್ಷ, ಮೇಲೊಂದು ದಿನ

೧೨೮೭, ಸಂತ ಮಾರ್ಟಿನ್ ಹಬ್ಬ. ರಾತ್ರಿ.

ಹಬ್ಬದ ಹೆಬ್ಬಾತು ಅರಗುತ್ತಿಲ್ಲ. ಅಥವಾ ಅರಗದಿರುವುದು ವಿಗಾಂಡನೇ ಇರಬೇಕು.

ಚರ್ಮ ಹದ ಮಾಡುವ ವಿಗಾಂಡ್ ಒಡೆಯನ ಜಮೀನಿನಿಂದ ಓಡಿಬಂದ ಜೀತದಾಳು. ಊರಗೋಡೆಯೊಳಗೆ ಒಂದು ವರ್ಷ, ಮೇಲೊಂದು ದಿನ ಕಳೆದರೆ ಅಂಥವರ ಮೇಲಿನ ಒಡೆಯನ ಹಕ್ಕು ಮುಗಿಯಿತು. ಅವನು ಬಂದದ್ದು ಕಳೆದ ವರ್ಷ ಇದೇ ಹಬ್ಬದಂದು. ಮೇಲಿನ ಒಂದು ದಿನವನ್ನು ಮರೆತೇಬಿಟ್ಟ. ಸಂತೆಗೆ ಹೆಬ್ಬಾತು ತಂದಿದ್ದ ಒಡೆಯನ ಪಾರುಪತ್ಯಗಾರನ ಎದುರಿಗೇ ಹೋಗಿ ನಿಂತು, "ಏನ್ ಸ್ವಾಮಿ, ಗುರುತು ಸಿಕ್ತಾ? ನಾನೀಗ ಈ ಊರಿನವನು!" ಎಂದು ಹಲ್ಲು ಕಿರಿದ. ಪಾರುಪತ್ಯಗಾರ ಅವನ ಕತ್ತಿನ ಪಟ್ಟಿ ಹಿಡಿದು ನನ್ನ ಮೇಜಿನ ಮುಂದೆ ತಂದು ನಿಲ್ಲಿಸಿದ.

"ಗುಮಾಸ್ತರೇ, ಇವ್ನು ಯಾವತ್ತು ಊರೊಳಗೆ ಬಂದಿದ್ದು? ಪುಸ್ತಕ ನೋಡಿ ಹೇಳಿ."

"ವರ್ಷ ಆಯ್ತಲ್ಲಣ್ಣ? ನೀನೇ ಹೇಳಣ್ಣ," ಎಂದ ವಿಗಾಂಡ್.

ಇದ್ದದ್ದನ್ನು ಇದ್ದ ಹಾಗೆ ಓದಿದೆ. ಊರಿನ ಪುಸ್ತಕವೇ ಸುಳ್ಳು ಹೇಳಿದರೆ ನಾಳೆ ಯಾವ ಒಡೆಯ ಅದನ್ನು ನಂಬುತ್ತಾನೆ? ಈ ಮಾತು ಈಗಲೂ ಸರಿಯೆಂದೇ ಅನ್ನಿಸುತ್ತದೆ. ಅವನ ಕೈಕಟ್ಟಿ, ಗಾಡಿಯಲ್ಲಿ ಖಾಲಿ ಬುಟ್ಟಿಗಳ ನಡುವೆ ಕೂರಿಸಿಕೊಂಡು ಹೋದರು.

ನಾನೂ ಹನ್ನೊಂದು ವರ್ಷದ ಹಿಂದೆ ಹೀಗೇ ಓಡಿಬಂದವನು. ವರ್ಷ ತುಂಬುವ ಹೊತ್ತಿಗೇ ನನ್ನನ್ನು ಹುಡುಕಿಕೊಂಡು ಬಂದವರು ಪುಸ್ತಕ ನೋಡಿ ಬರಿಗೈಯಲ್ಲಿ ಹೋದರು. ಸಂಜೆ ಆ ವರ್ಷದ ಪುಸ್ತಕ ತೆಗೆದು ನೋಡಿದೆ. ನನ್ನ ಹೆಸರಿನ ಮುಂದೆ, ನಾನು ಬಂದದ್ದಕ್ಕಿಂತ ಎರಡು ದಿನ ಮೊದಲಿನ ತಾರೀಖು. ಹಳೆಯ ಗುಮಾಸ್ತ ಆರ್ನುಲ್ಫನ ಅಕ್ಷರ. ಅವನ ಪುಸ್ತಕಗಳಲ್ಲಿ ಇಂಥ ತಪ್ಪು ತಾರೀಖು ಕಂಡಾಗಲೆಲ್ಲ, ಮುದುಕನಿಗೆ ದಿನ ಎಣಿಸಲು ಬರುತ್ತಿರಲಿಲ್ಲ ಎಂದು ಇಷ್ಟು ವರ್ಷ ನಗುತ್ತಿದ್ದೆ.