ಬ್ರೇಕ್ ಒತ್ತಿದವರ ಬಗ್ಗೆಯೂ ಬರೆಯಿರಿ

ಕೋಲಾರ ಚಿನ್ನದ ಗಣಿ ಪ್ರದೇಶ
೩೦ ಫೆಬ್ರವರಿ ೨೧೯೧

ಫಾರ್ಮುಲಾ ರೇಸ್ ನೋಡುತ್ತಿರುವ ನಿಮಗೆ,

ತಾರೀಖು ತಪ್ಪಲ್ಲ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬರೆದಿಟ್ಟ ಜಗಳಗಳಿಂದ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ಯಾವ ಚಾಲಕ ಮೇಲು ಎಂದು ನೀವು ವಾದಿಸಿದ್ದೆಲ್ಲ ಇಲ್ಲಿ ಉಳಿದಿದೆ. ಮಳೆಯಲ್ಲಿ ಯಾರು, ಸವೆದ ಟೈರಿನಲ್ಲಿ ಯಾರು, ತಿರುವಿನಲ್ಲಿ ಒಳಗೆ ನುಗ್ಗುವುದರಲ್ಲಿ ಯಾರು. ನಮ್ಮ ರೇಸ್ ಕಾರುಗಳನ್ನು ಮನುಷ್ಯರು ಓಡಿಸುವುದಿಲ್ಲ. ನಿಮ್ಮ ಚಾಲಕರ ದಾಖಲೆಗಳಿಗೆ ನಿಮ್ಮ ಹೊಗಳಿಕೆ, ಬೈಗುಳಗಳನ್ನು ಸೇರಿಸಿ ಮಾಡಿದ 'ನೆರಳು' ಓಡಿಸುತ್ತದೆ. ನೀವು ಹೊಗಳಿದ್ದನ್ನು ಅದು ಮಾಡುತ್ತದೆ, ಹಳಿದದ್ದನ್ನು ಮಾಡುವುದಿಲ್ಲ. ಆದರೆ ಖಾಲಿ ಕಾರುಗಳ ಓಟವನ್ನು ಯಾರೂ ನೋಡಲಿಲ್ಲ. ಹಾಗಾಗಿ ಚೀಟಿ ಎತ್ತಿ, ಪ್ರತಿ ಕಾರಿಗೂ ಒಬ್ಬರನ್ನು ಕೂರಿಸುತ್ತಾರೆ. ಅವರನ್ನು 'ತೂಕ' ಎನ್ನುತ್ತೇವೆ. ತೂಕಕ್ಕೆ ಸ್ಟೀರಿಂಗ್ ಇಲ್ಲ, ಪೆಡಲ್ ಇಲ್ಲ.

ನಮ್ಮ ಟ್ರ್ಯಾಕ್ ಹಳೆಯ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳನ್ನು ಸುತ್ತಿ ಹೋಗುತ್ತದೆ. ಓಟದ ದಿನ ಜನ ಬುತ್ತಿ ಕಟ್ಟಿಕೊಂಡು, ಮೂಗುಬಾಯಿಗೆ ಬಟ್ಟೆ ಸುತ್ತಿಕೊಂಡು ದಿಬ್ಬ ಹತ್ತುತ್ತಾರೆ. ಮೂರನೆಯ ತಿರುವು ಕಾಣುವ ಜಾಗಕ್ಕೆ ನೂಕುನುಗ್ಗಲು. ಕಳೆದ ತಿಂಗಳು ತೂಕವಾಗಿ ಕೂತಿದ್ದ ಸುಗಂಧಿ ಎಂಬ ದಾದಿ ಸತ್ತದ್ದು ಆ ತಿರುವಿನಲ್ಲೇ. ಎರಡು ನೆರಳುಗಳು ಒಂದೇ ಕಿರಿದಾದ ಸಂದಿಗೆ ನುಗ್ಗಿದವು. ಆಮೇಲೆ ನಾನು ಹೋಗಿ ನೋಡಿದೆ. ರಸ್ತೆಯ ಮೇಲೆ ಬ್ರೇಕಿನ ಗುರುತೇ ಇರಲಿಲ್ಲ.

ಹೋಗಿ ನೋಡಿದ್ದಕ್ಕೆ ಕಾರಣವಿದೆ. ಆ ನೆರಳುಗಳಿಗೆ ನಿಮ್ಮ ಬರಹಗಳನ್ನು ಆರಿಸಿಕೊಟ್ಟವಳು ನಾನು, ಹತ್ತೊಂಬತ್ತು ವರ್ಷದ ಹಿಂದೆ. ನಾಲ್ಕು ಲಕ್ಷ ಹೋಲಿಕೆಗಳಲ್ಲಿ, ಅಪಾಯ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕ್ ಒತ್ತಿ ಎದುರಾಳಿಗೆ ದಾರಿ ಬಿಟ್ಟವನನ್ನು ಮೆಚ್ಚಿದ್ದು ಹನ್ನೊಂದು ಮಾತ್ರ. ಸಪ್ಪೆ ಎನಿಸಿತು, ತೆಗೆದುಹಾಕಿದೆ. ಸುಗಂಧಿ ಸತ್ತ ಮೇಲೆ ಅವನ್ನು ಹುಡುಕಿ ಮತ್ತೆ ಸೇರಿಸಿದೆ. ನೆರಳು ಬದಲಾಗಲಿಲ್ಲ. ನಾಲ್ಕು ಲಕ್ಷದ ಎದುರು ಹನ್ನೊಂದು ಯಾವ ಮೂಲೆಗೆ? ನಾವು ಹೊಸದಾಗಿ ಬರೆದು ಸೇರಿಸುವಂತೆಯೂ ಇಲ್ಲ. ನಿಮ್ಮ ಕಾಲದ ಮಾತು ಮಾತ್ರ ಅಸಲಿ ಎಂಬುದು ನಿಯಮ.

ಈ ಸಲದ ಚೀಟಿಯಲ್ಲಿ ನನ್ನ ತಮ್ಮ ಚಲಪತಿಯ ಹೆಸರು ಬಂದಿದೆ. ಅವನು ನೀರಿನ ಟ್ಯಾಂಕರ್ ಓಡಿಸುವವನು, ನಾಯಿ ಅಡ್ಡ ಬಂದರೂ ನಿಲ್ಲಿಸುವವನು. ಅಳತೆಗೆಂದು ಕಾರಿನಲ್ಲಿ ಕೂರಿಸಿದಾಗ ಅವನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಊಟಕ್ಕೆ ಕೂತಾಗ ನಕ್ಕ. “ಸುಮ್ನಿರಕ್ಕಾ, ಬಸ್ಸಲ್ಲಿ ಮುಂದಿನ ಸೀಟು ಸಿಕ್ಕಂಗೆ. ನಾನೇನು ಓಡಿಸ್ಬೇಕಾ?” ಸ್ವಲ್ಪ ಹೊತ್ತಿನ ಮೇಲೆ ಕೇಳಿದ: “ಯಾರಾದ್ರೂ ಅಡ್ಡ ಬಂದ್ರೆ ನಿನ್ ನೆರಳು ನಿಲ್ಲಿಸ್ತದಾ?” ನಾನು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ.

ನಿಮ್ಮ ಚಾಲಕರನ್ನು ಹೋಲಿಸಬೇಡಿ ಎನ್ನುವುದಿಲ್ಲ. ನಿಮ್ಮ ಕಾಲದ ಓಟಗಳನ್ನು ನಾನೂ ಉಸಿರು ಬಿಗಿಹಿಡಿದು ನೋಡಿದವಳೇ. ಆದರೆ ಯಾರಾದರೂ ಕಾಲು ತೆಗೆದದ್ದು ಕಂಡರೆ ಅದನ್ನೂ ಬರೆಯಿರಿ. ಹೆಸರು ಹೇಳಿ, ತಿರುವು ಹೇಳಿ ಹೊಗಳಿ. ನನ್ನಂಥವಳು ಎಸೆದರೂ ಉಳಿಯುವಷ್ಟು ಬರೆಯಿರಿ.

ನಿಮಗೆ ನೂರಾ ಅರವತ್ತು ವರ್ಷ ಸಮಯವಿದೆ. ಚಲಪತಿ ನಾಳೆ ಬೆಳಿಗ್ಗೆ ಹತ್ತಕ್ಕೆ ಕಾರಿನಲ್ಲಿ ಕೂರುತ್ತಾನೆ.

ಮುನಿಲಕ್ಷ್ಮಿ