ಎದುರಿಗೆ ಕೂರದ ಟೀಚರ್

ಮಾರ್ಚ್ 3, ಸಂಜೆ

ಒಂಬತ್ತು ಮಂದಿ ಬಂದಿದ್ದರು. ಪ್ಲಂಬರ್ ಮತ್ತೆ ಕನ್ನಡಕ ಮರೆತ. ನನ್ನದು ಕೊಟ್ಟೆ. ಆಮೇಲೆ ನನಗೆ ಬೋರ್ಡು ಕಾಣಲಿಲ್ಲ. ಕೆಳಗಿನ ಟೈಲರ್ ಅಂಗಡಿಯ ಮೆಷಿನ್ನುಗಳ ಸದ್ದಿನಲ್ಲಿ ಗಂಟಲು ಹರಿಯುವಂತೆ ಕೂಗಬೇಕು. ಕೂಗಿದೆ.

ಕಿಟಕಿಯ ಮೇಲೆ ಮಗಳ ಫೋನ್ ನಿಲ್ಲಿಸಿ ಇಡೀ ಪಾಠ ರೆಕಾರ್ಡ್ ಮಾಡಿದ್ದಾಯಿತು. ಕೋರ್ಸಿನ ಎರಡನೇ ಅಸೈನ್‌ಮೆಂಟ್ — ನಿಮ್ಮ ಪಾಠ ನೀವೇ ನೋಡಿ, ಎರಡು ಪುಟ ಬರೆಯಿರಿ. ಇಪ್ಪತ್ತೆಂಟು ವರ್ಷ ದೊಡ್ಡವರಿಗೆ ಓದು ಕಲಿಸಿದ ಮೇಲೆ, ಐವತ್ತೇಳನೇ ವಯಸ್ಸಿಗೆ, ಸರ್ಟಿಫಿಕೇಟ್ ಬೇಕಂತೆ. ಇಲ್ಲದಿದ್ದರೆ ಜೂನ್‌ನಿಂದ ತರಗತಿ ಬೇರೆಯವರಿಗೆ. ಕೋರ್ಸ್ ಮೇಷ್ಟ್ರಿಗೆ ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕ ವಯಸ್ಸು. ಇರಲಿ. ಹುಡುಗ ಒಳ್ಳೆಯವನೇ.

ಗಡಿಬಿಡಿ ಇವತ್ತು ನಲವತ್ತನೇ ಪುಟವನ್ನು ನೀರು ಕುಡಿದ ಹಾಗೆ ಓದಿದಳು. ಅವಳಿಗೆ ಆ ಹೆಸರಿಟ್ಟದ್ದು ತರಗತಿಯವರು. ಬರುವುದೂ ಗಡಿಬಿಡಿ, ಹೋಗುವುದೂ ಗಡಿಬಿಡಿ. ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಮೊಣಕಾಲು ಕೈಕೊಟ್ಟಿದೆ, ಇನ್ನೊಂದು ವರ್ಷ ಒರೆಸಲಾರಳು. ಅಲ್ಲಿನ ಸ್ಟೋರ್ ರೂಮಿಗೆ ಒಬ್ಬರು ಬೇಕಂತೆ, ಕೂತು ಮಾಡುವ ಕೆಲಸ. 27ಕ್ಕೆ ಪರೀಕ್ಷೆ. ಇಪ್ಪತ್ತು ಲೇಬಲ್, ಒಬ್ಬಳೇ ಓದಬೇಕು, ಹದಿನೈದು ಸರಿಯಾಗಬೇಕು. ಎರಡು ವರ್ಷ ಕಲಿತವಳು. ಪಾಸಾಗುತ್ತಾಳೆ ಬಿಡು.

ಮಾರ್ಚ್ 5, ಬೆಳಿಗ್ಗೆ

ಮಗಳೂ ನಾನೂ ಕಾಫಿ ಕುಡಿಯುತ್ತಾ ವಿಡಿಯೊ ನೋಡಿದೆವು. ಮೊದಲು ನನ್ನ ಸೆರಗು ನೋಡಿ ನಾಚಿಕೆಯಾಯಿತು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ!

ಆಮೇಲೆ ಮಗಳು ಫೋನ್ ಹತ್ತಿರ ತಂದಳು. "ಅಮ್ಮಾ, ನಿನ್ನ ಬಾಯಿ ನೋಡು."

"ಏನಾಗಿದೆ ನನ್ನ ಬಾಯಿಗೆ?"

"ನೋಡು ಅಂದ್ನಲ್ಲ."

ನೋಡಿದೆ. ಗಡಿಬಿಡಿ ಓದುತ್ತಿದ್ದಾಳೆ. ಅವಳು ಪ್ರತಿ ಪದ ಹೇಳುವ ಒಂದು ಕ್ಷಣ ಮೊದಲೇ ನನ್ನ ತುಟಿ ಆ ಪದ ಹೇಳುತ್ತದೆ. ಸದ್ದಿಲ್ಲದೆ. ಅವಳ ಕಣ್ಣು ಪುಸ್ತಕಕ್ಕೆ ಹೋಗಿ, ನನ್ನ ಮುಖಕ್ಕೆ ಬಂದು, ಮತ್ತೆ ಪುಸ್ತಕಕ್ಕೆ.

"ನಂಗೆ ಊಟ ಮಾಡಿಸೋವಾಗ್ಲೂ ಹೀಗೇ ಬಾಯಿ ತೆರೀತಿದ್ದೆ ನೀನು," ಅಂತ ಮಗಳು ನಕ್ಕಳು. ನಾನೂ ನಕ್ಕೆ. ಅವಳು ಕೆಲಸಕ್ಕೆ ಹೋದ ಮೇಲೆ ಇನ್ನೂ ಆರು ಸಲ ನೋಡಿದೆ. ನಗು ಬರಲಿಲ್ಲ.

ಮಾರ್ಚ್ 5, ಸಂಜೆ 7

ಗಡಿಬಿಡಿಯ ಬೆನ್ನ ಹಿಂದೆ ನಿಂತು ಓದಿಸಿದೆ. ಅದೇ ನಲವತ್ತನೇ ಪುಟ.

ಮೊದಲ ಪದ ಬಂತು. ಎರಡನೆಯದಕ್ಕೆ ತಿರುಗಿ ನೋಡಿದಳು. "ಎದುರಿಗೆ ಬನ್ನಿ ಟೀಚರ್. ನೀವು ಕಣ್ಮುಂದೆ ಇದ್ರೆ ತಾನಾಗೇ ಬರುತ್ತೆ."

ಈ ಮಾತು ಮೊದಲೂ ಹೇಳಿದ್ದಳು. ಆಗೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಬೇರೆ ಇಪ್ಪತ್ತು ಪದ ಬರೆದು ಕೊಟ್ಟೆ, ಹಿಂದೆಯೇ ನಿಂತೆ. ನಾಲ್ಕು ಓದಿದಳು. ಉಳಿದವರನ್ನು ಪರೀಕ್ಷಿಸುವ ಧೈರ್ಯ ಬರಲಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಬೇಗ ಬಿಟ್ಟೆ.

ಮಾರ್ಚ್ 11

ಐದು ದಿನ ಏನೂ ಬರೆಯಲಿಲ್ಲ.

ಅಸೈನ್‌ಮೆಂಟ್ ಬರೆದೆ. 'ಕಲಿಯುವವರು ನನ್ನ ಮುಖ ನೋಡುತ್ತಾ ಆತ್ಮವಿಶ್ವಾಸದಿಂದ ಓದುತ್ತಾರೆ.' ಓದಿಕೊಂಡರೆ ಚೆನ್ನಾಗಿಯೇ ಇದೆ. ಸುಳ್ಳೂ ಅಲ್ಲ. ಮೇಷ್ಟ್ರು ಮೆಚ್ಚಿಕೊಳ್ಳುತ್ತಿದ್ದರು. ಹರಿದು ಹಾಕಿದೆ.

ಇದು ಶುರುವಾದದ್ದು ಹೇಗೆ ಎಂದು ಯೋಚಿಸುತ್ತಿದ್ದೇನೆ. ಗೋದಾಮಿನಲ್ಲಿ ಗುಮಾಸ್ತೆಯಾಗಿದ್ದೆ. ಹಮಾಲರು ಮನೆಯಿಂದ ಬಂದ ಪತ್ರ ತಂದು ಓದಿಸಿಕೊಳ್ಳುತ್ತಿದ್ದರು. ದಿನಾ ನಾನು ಓದುವುದಕ್ಕಿಂತ ಅವರಿಗೇ ಕಲಿಸಿಬಿಟ್ಟರೆ ಪೀಡೆ ಕಳೆಯಿತು ಅನ್ನಿಸಿತು. ಊಟದ ಹೊತ್ತಿನಲ್ಲಿ ನಾಲ್ಕು ಜನ, ಮೂಟೆಗಳ ಮೇಲೆ. ಪೀಡೆ ಕಳೆಯಲಿಲ್ಲ, ಅದೇ ಹೊಟ್ಟೆಪಾಡಾಯಿತು. ನನಗೆ ಯಾರೂ ಕಲಿಸುವುದನ್ನು ಕಲಿಸಲಿಲ್ಲ. ಎದುರಿಗೆ ಒಬ್ಬರು ತಡವರಿಸಿದರೆ ನನ್ನ ಜೀವ ತಡೆಯುತ್ತಿರಲಿಲ್ಲ, ಅಷ್ಟೇ. ತುಟಿ ಓಡುತ್ತಿತ್ತು.

'ಓದಬಲ್ಲರು' ಎಂದು ಬರೆದು ಸಹಿ ಹಾಕಿದ ಪ್ರಮಾಣಪತ್ರಗಳು ನಾನೂರಕ್ಕೂ ಮೇಲೆ. ಅದರಲ್ಲಿ ಎಷ್ಟು ಜನ ನನ್ನ ಬಾಯಿ ನೋಡಿ ಓದಿದವರು?

ಮಾರ್ಚ್ 12, ಸಂಜೆ

ಗಡಿಬಿಡಿಗೆ ಹೇಳಿದೆ. ಎಲ್ಲರೂ ಹೋದ ಮೇಲೆ, ಫೋನ್ ತೋರಿಸಿ.

ಪೂರ್ತಿ ನೋಡಿದಳು. ಫೋನ್ ನನ್ನ ಕೈಗೆ ವಾಪಸ್ ಕೊಟ್ಟಳು.

"ತಪ್ಪು ನಂದು ಕಣಮ್ಮ," ಅಂದೆ.

"ಎರಡು ವರ್ಷ ಟೀಚರ್. ಡ್ಯೂಟಿ ಮುಗಿಸಿ, ಹೊಟ್ಟೆಗೆ ಏನೂ ಇಲ್ದೆ ಓಡಿ ಬಂದಿದೀನಿ. ನಂಗೆ ಓದೋಕೆ ಬರುತ್ತೆ ಅಂತ ವಾರ್ಡಿಗೆಲ್ಲ ಡಂಗೂರ ಹೊಡೆದಿದೀನಿ. ಈಗ ಏನಂತ ಹೇಳ್ಲಿ?"

ಚೀಲ ಎತ್ತಿಕೊಂಡು ಹೋದಳು. ಗಡಿಬಿಡಿಯಿಲ್ಲದೆ, ಒಂದೊಂದೇ ಮೆಟ್ಟಿಲು.

ಮಾರ್ಚ್ 14

ಗಡಿಬಿಡಿ ಬರಲಿಲ್ಲ. ಅಸೈನ್‌ಮೆಂಟ್ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದೆ. ಆದದ್ದಾಗಲಿ.

ಮಾರ್ಚ್ 16, ಬೆಳಿಗ್ಗೆ 10

ಆರು ಗಂಟೆಗೇ ಆಸ್ಪತ್ರೆಗೆ ಹೋದೆ. ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಒರೆಸುತ್ತಿದ್ದಳು.

"ಒದ್ದೆ ಇದೆ, ತುಳೀಬೇಡಿ," ಅಂದಳು. ತಲೆ ಎತ್ತಲಿಲ್ಲ.

ಗೋಡೆಗೆ ಒರಗಿ ನಿಂತೆ. ಅವಳು ಒರೆಸುತ್ತಾ ನನ್ನವರೆಗೆ ಬಂದಳು. ಆಗ ಮಾತಾಡಿದಳು. ಕೋಪ ಇಳಿದಿತ್ತು, ಪೂರ್ತಿ ಅಲ್ಲ.

"ನಂಗೆ ಗೊತ್ತಿತ್ತು ಟೀಚರ್."

"ಏನು ಗೊತ್ತಿತ್ತು?"

"ನಿಮ್ಮ ತುಟಿ ನೋಡ್ತೀನಿ ಅಂತ. ಎಲ್ರೂ ಹಾಗೇ ಓದೋದು ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಲ್ವಾ ಬದುಕಿದ್ದು? ನರ್ಸಮ್ಮ ಹುಬ್ಬು ಎತ್ತಿದ್ರೆ ಬಕೆಟ್ ತಪ್ಪು ಜಾಗದಲ್ಲಿದೆ ಅಂತ. ಬಸ್ಸಲ್ಲಿ ಪಕ್ಕದವರು ಎದ್ರೆ ನಮ್ಮ ಸ್ಟಾಪ್ ಅಂತ."

ನಾನು ಇಪ್ಪತ್ತೆಂಟು ವರ್ಷದಲ್ಲಿ ಕೇಳದ ಪಾಠ. ಯಾವ ಕೋರ್ಸಿನಲ್ಲೂ ಇಲ್ಲ. ಇಂಥವಳ ಎದುರಿಗೆ ಕೂತು ಬಾಯಾಡಿಸಿದರೆ ಅವಳು ಪುಸ್ತಕ ಯಾಕೆ ನೋಡುತ್ತಾಳೆ?

"ಇನ್ನು ಹನ್ನೊಂದು ದಿನ ಇದೆ," ಅಂದೆ. "ನಾನೇ ಇಲ್ಲಿಗೆ ಬರ್ತೀನಿ. ಮುಖ ತೋರ್ಸಲ್ಲ."

ಬಟ್ಟೆ ಹಿಂಡಿದಳು. "ಐದೂವರೆಗೆ ಬನ್ನಿ. ಆರಕ್ಕೆ ಡ್ಯೂಟಿ."

ಮಾರ್ಚ್ 18

ಹೊದಿಕೆಗಳನ್ನು ಇಡುವ ಕೋಣೆ. ಎರಡು ಸ್ಟೂಲು, ಬೆನ್ನಿಗೆ ಬೆನ್ನು. ಅವಳು ತಡವರಿಸುತ್ತಾಳೆ, ನಾನು ಗೋಡೆ ನೋಡುತ್ತೇನೆ. ಬಾಯಿ ತಾನಾಗಿ ಆಡುತ್ತದೆ. ಆಡಿಕೋ, ಯಾರು ನೋಡುತ್ತಾರೆ! ಕಷ್ಟ ಅದಲ್ಲ. ಸುಮ್ಮನೆ ಕಾಯುವುದು ಕಷ್ಟ. ಒಂದು ಪದಕ್ಕೆ ಅವಳು ಎರಡು ನಿಮಿಷ ತೆಗೆದುಕೊಂಡಳು. ನಾನು ಸೆರಗಿನ ಅಂಚಿನ ದಾರ ಅಷ್ಟನ್ನೂ ಕಿತ್ತೆ.

ಐದು ಸರಿ.

ಮಾರ್ಚ್ 21

ಎಂಟು. ಒಂದು ಪದಕ್ಕೆ ತಡೆಯಲಾರದೆ ಕೆಮ್ಮಿದೆ. "ಕೆಮ್ಮಿ ಹೇಳ್ಕೊಡ್ಬೇಡಿ," ಎಂದು ಗದರಿದಳು. ನಾನು ಹಾಗೆ ಮಾಡುತ್ತೇನೆ ಎಂಬುದೂ ನನಗೆ ಗೊತ್ತಿರಲಿಲ್ಲ. ಇನ್ನೂ ಏನೇನು ಮಾಡುತ್ತೇನೋ ಮಹರಾಯ್ತಿ.

ಮಾರ್ಚ್ 23

ಏಳು. ಹಿಂದಕ್ಕೆ ಹೋಯಿತು. ಪುಸ್ತಕ ಮುಚ್ಚಿ ಅತ್ತಳು. ಬೆನ್ನು ಅಲುಗುವುದು ನನ್ನ ಬೆನ್ನಿಗೆ ತಿಳಿಯಿತು. ತಿರುಗಬೇಕೋ ಬೇಡವೋ... ತಿರುಗಿದೆ. ಪಾಠ ಒಂದು ಕಡೆ ಇರಲಿ.

ಮಾರ್ಚ್ 26

ಹನ್ನೆರಡು. ಬಾಟಲಿ, ಡಬ್ಬಿ, ರಟ್ಟಿನ ಪೆಟ್ಟಿಗೆ ಎಲ್ಲದರ ಲೇಬಲ್ ನೋಡಿದ್ದಾಯಿತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.

ಮಾರ್ಚ್ 27, ಮಧ್ಯಾಹ್ನ 3

ಇನ್ನೂ ಸುದ್ದಿಯಿಲ್ಲ. ಅನ್ನ ಸೀದುಹೋಯಿತು. ಮಗಳು ಮೂಗು ಮುಚ್ಚಿಕೊಂಡು, "ಪರೀಕ್ಷೆ ನಿಂಗಾ ಅವ್ರಿಗಾ?" ಅಂತ ಕೇಳಿದಳು.

ಮಾರ್ಚ್ 27, ಸಂಜೆ

ತರಗತಿಗೆ ಬಂದಳು. ಎಲ್ಲರ ಹಾಗೆ ಐದು ಗಂಟೆಗೆ. ತನ್ನ ಜಾಗದಲ್ಲಿ ಕೂತು ಚೀಲ ಕೆಳಗಿಟ್ಟಳು.

"ಹದಿನಾಲ್ಕು," ಅಂದಳು.

ಒಂದು. ಒಂದೇ ಒಂದು ಕಡಿಮೆ. ಕೆಲಸ ಎಕ್ಸ್-ರೇ ವಿಭಾಗದವಳಿಗೆ ಹೋಯಿತಂತೆ. ನನ್ನ ಕಣ್ಣು ತುಂಬಿತು, ಎಲ್ಲರ ಎದುರು. ಎರಡು ವರ್ಷ ನೆಟ್ಟಗೆ ಕಲಿಸಿದ್ದರೆ ಇಪ್ಪತ್ತಕ್ಕೆ ಇಪ್ಪತ್ತೂ ಓದುತ್ತಿದ್ದಳು. ಅವಳ ಮೊಣಕಾಲನ್ನು ನಾನೇ ಹಾಳು ಮಾಡಿದ ಹಾಗಾಯಿತು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

"ಸುಮ್ನಿರಿ ಟೀಚರ್," ಅಂದಳು. "ಕೋಪ ನಂಗೂ ಇದೆ. ಇಲ್ಲ ಅಂತ ಹೇಳಲ್ಲ. ಆದ್ರೆ ಆ ಪರೀಕ್ಷೆ ಕೋಣೇಲಿ ಸಾಹೇಬ್ರು ತಲೆ ತಗ್ಸಿ ಕೂತಿದ್ರು. ಮುಖ ನೋಡೋಣ ಅಂದ್ರೆ ಮುಖಾನೇ ಇಲ್ಲ. ಆದ್ರೂ ಹದಿನಾಲ್ಕು ಓದ್ದೆ. ಅಷ್ಟೂ ನಂದೇ."

ಪ್ಲಂಬರ್ ಚಪ್ಪಾಳೆ ತಟ್ಟಿದ. ಅವಳು ಅವನನ್ನು ಗದರಿದಳು.

ಮಾರ್ಚ್ 28

ಸ್ಟೂಲುಗಳನ್ನು ಬೆನ್ನಿಗೆ ಬೆನ್ನು ಹಾಕಿ ಒಬ್ಬೊಬ್ಬರನ್ನೂ ಓದಿಸಿದೆ. ಒಂಬತ್ತರಲ್ಲಿ ನಾಲ್ವರಿಗೆ ಬರುತ್ತದೆ. ಐವರಿಗೆ ಇಲ್ಲ. ಮೊದಲನೇ ಪುಟದಿಂದ ಶುರು.

ಏಪ್ರಿಲ್ 4

ಕೋರ್ಸ್ ಮೇಷ್ಟ್ರು ಫೋನ್ ಮಾಡಿದ್ದರು. "ಮೇಡಂ, ನೀವು ಬರೆದದ್ದನ್ನ ಎರಡು ಸಲ ಓದ್ದೆ. ಆಮೇಲೆ ನನ್ನ ಪಾಠದ ವಿಡಿಯೊ ಹಾಕ್ಕೊಂಡು ನೋಡ್ದೆ." ದನಿ ತಗ್ಗಿಸಿದರು. "ನನ್ನದೂ ಅಲ್ಲಾಡುತ್ತೆ ಮೇಡಂ."

ಅಸೈನ್‌ಮೆಂಟ್ ಪಾಸು. ಇನ್ನು ಮೂರಿವೆ.

ಹಳಬರ ವಿಷಯ ಮಗಳ ಹತ್ತಿರ ಎತ್ತಿದೆ. ಪ್ರಮಾಣಪತ್ರ ತೆಗೆದುಕೊಂಡವರೆಲ್ಲ ಒಮ್ಮೆ ಬಂದು ಓದಿ ಹೋಗಲಿ, ಬಾರದಿದ್ದರೆ ಮತ್ತೆ ಕಲಿಯಲಿ, ವಿಳಾಸ ಇದ್ದವರಿಗೆಲ್ಲ ಕಾಗದ ಹಾಕುತ್ತೇನೆ ಅಂದೆ.

"ಅಮ್ಮಾ, ಓದೋಕೆ ಬರುತ್ತಾ ಇಲ್ವಾ ಅಂತ ಕೇಳೋಕೆ ಕಾಗದಾನಾ?"

ನಾಲಿಗೆ ಕಚ್ಚಿಕೊಂಡೆ. ನಾಳೆಯಿಂದ ಮನೆ ಮನೆಗೆ ಹೋಗಬೇಕು. ಗಡಿಬಿಡಿ ಜೊತೆಗೆ ಬರುತ್ತಾಳಂತೆ. ಅವಳಿಗೆ ಭಾನುವಾರ ರಜಾ.

ಏಪ್ರಿಲ್ 13, ಬೆಳಿಗ್ಗೆ 11

ಮೊದಲನೆಯವರು ಬಂದಿದ್ದಾರೆ. ಗೋದಾಮಿನ ಹಮಾಲರು, ನನ್ನ ಮೊದಲ ನಾಲ್ವರಲ್ಲಿ ಒಬ್ಬರು. ಈಗ ಎಪ್ಪತ್ತೆರಡು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರಂತೆ, ಅದನ್ನೂ ಬಿಚ್ಚಿ ತಂದಿದ್ದಾರೆ. "ತಪ್ಪಾದ್ರೆ ವಾಪಸ್ ತಗೊಳ್ತೀರಾ ಅಮ್ಮ?" ಎಂದು ಕೇಳಿದರು. ಇಲ್ಲ ಅಣ್ಣ, ಅಂದೆ.

ನನ್ನ ಹಿಂದೆ ಕೂತಿದ್ದಾರೆ. ಹೇಳಿಕೊಟ್ಟುಬಿಡುವೆನೋ ಎಂಬ ಭಯಕ್ಕೆ ಈ ಪುಸ್ತಕ ತೆಗೆದು ಬರೆಯುತ್ತಿದ್ದೇನೆ. ಕೈಗೆ ಬಿಡುವಿಲ್ಲದಿದ್ದರೆ ಬಾಯಿ ಸುಮ್ಮನಿರುತ್ತದೆ. ಕನ್ನಡಕ ಹಾಕಿಕೊಂಡರು. ಹಾಳೆ ತಿರುಗಿಸಿದರು. ಇನ್ನೂ ಮಾತಿಲ್ಲ. ಕಾಯುತ್ತೇನೆ, ಎಷ್ಟು ಹೊತ್ತಾದರೂ. ಗಂಟಲು ಸರಿಮಾಡಿಕೊಂಡರು. ಮೊದಲನೇ ಪದ—