ಮುಂದೆ ನಡೆಯುವವನ ಎಡಗೈ

ಮನೆಯ ಹಿಂದಿನ ಕೋಣೆಯಿಂದ,
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಬೀಸಣಿಗೆಗೆ,

ಅತ್ತಿಗೆಯ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ಎಡ ಭುಜ ಹಿಡಿದುಕೊಂಡಿದೆ ಅಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಎಣ್ಣೆ ತಿಕ್ಕುವವನ ಹತ್ತಿರ ಹೋಗುತ್ತಿದ್ದೇನೆ ಎಂದೂ ಹೇಳಿದ್ದೆಯಲ್ಲ. ಅವನು ಭುಜ ತಿಕ್ಕುತ್ತಾನೋ ಜೇಬು ತಿಕ್ಕುತ್ತಾನೋ ಸ್ವಲ್ಪ ಗಮನ ಇಟ್ಟು ನೋಡು. ಬಿಸಿಲಲ್ಲಿ ರಸ್ತೆಗೆ ಗೆರೆ ಎಳೆಯುವ ಕೆಲಸ, ಮೂಗಿಗೆ ಬಟ್ಟೆಯಾದರೂ ಕಟ್ಟಿಕೋ ಎಂದು ನಾನು ಬಡಕೊಂಡರೆ, ಬಣ್ಣದ ವಾಸನೆ ಈಗ ಗೊತ್ತೇ ಆಗುವುದಿಲ್ಲ ಬಿಡು ಅತ್ತಿಗೆ, ಅಭ್ಯಾಸವಾಗಿದೆ ಎಂದು ನಗುತ್ತೀಯ. ಹೋದ ಸಲ ಫೋನ್ ಮಾಡಿದಾಗ ನಿನ್ನ ಮಾತು ಬಾವಿಯೊಳಗಿಂದ ಬಂದ ಹಾಗಿತ್ತು, ಅರ್ಧಕ್ಕರ್ಧ ಕೇಳಿಸಲಿಲ್ಲ. ನಾನು ಲೈನಿಗೆ ಬೈದೆ, ನೀನು ನನ್ನ ಕಿವಿಗೆ ಬೈದೆ. ಅದಕ್ಕೇ ಈ ಕಾಗದ. ಇನ್ನೊಂದು ಕಾರಣವೂ ಇದೆ: ಫೋನಿನಲ್ಲಿ ಮಾತಾಡಿದರೆ ನಿಮ್ಮಣ್ಣನಿಗೆ ಕೇಳಿಸುತ್ತದೆ. ಅವರ ಮೈಯಲ್ಲಿ ರೋಗ ಮುಟ್ಟದೆ ಬಿಟ್ಟಿರುವುದು ಕಿವಿ ಒಂದನ್ನೇ. ಈಗ ಅವರು ಮಲಗಿದ್ದಾರೆ, ಏಳುವುದರೊಳಗೆ ಬರೆದು ಮುಗಿಸಬೇಕು.

ಒಳ್ಳೆಯ ಸುದ್ದಿ ಮೊದಲು. ನಿಮ್ಮಣ್ಣ ನಡೆಯುತ್ತಿದ್ದಾರೆ. ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರಿಟ್ಟ ವರ್ಷ ನೀನು ಬಂದಿದ್ದಾಗ ಕುರ್ಚಿಯಿಂದ ಏಳಲಿಕ್ಕೇ ತಿಣುಕುತ್ತಿದ್ದರಲ್ಲ, ನೀನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆಯಲ್ಲ, ಆ ಮನುಷ್ಯ ಈಗ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಗೋಡೆ ಹಿಡಿಯದೆ ಹೋಗಿ ಬರುತ್ತಾರೆ. ಡಾಕ್ಟರು ಹೆಸರಿಡುವುದಕ್ಕೂ ಮುಂಚೆ ಕಾಯಿಲೆ ಸುಳಿವು ಕೊಡುತ್ತಲೇ ಇತ್ತು, ನಾವು ಎಷ್ಟು ದಡ್ಡರಿದ್ದೆವು ನೋಡು. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಅದು. ಟೈರ್ ಅಂಗಡಿಯ ಬೋರ್ಡಿನಲ್ಲಿ ಮೊದಲ ಅಕ್ಷರ ಆಳುದ್ದ ಇದ್ದು, ಬಲಕ್ಕೆ ಹೋಗುತ್ತಾ ಹೋಗುತ್ತಾ ಸಣ್ಣಗಾಗಿ, ಕೊನೆಯ ಅಕ್ಷರ ಇರುವೆಯಷ್ಟಾಗಿತ್ತು. ಅಂಗಡಿಯವನು, ಇದೇನು ಯಜಮಾನ್ರೇ, ನಮ್ಮ ಟೈರು ಪಂಕ್ಚರ್ ಆದಂಗಿದೆ ಎಂದು ನಕ್ಕ. ನಿಮ್ಮಣ್ಣ ಏಣಿಯ ಕೆಳಗೆ ನಿಂತು ಬಹಳ ಹೊತ್ತು ನೋಡಿ, ನಾನು ಸರಿಯಾಗೇ ಬರೆದೆನಲ್ಲ ಎಂದರು. ಅವರ ಕಣ್ಣಿಗೆ ಎಲ್ಲ ಒಂದೇ ಅಳತೆ ಇತ್ತಂತೆ. ಕೈ ತನ್ನ ಪಾಡಿಗೆ ತಾನು ಸಣ್ಣದಾಗುತ್ತಿದ್ದುದು ಅವರಿಗೇ ಗೊತ್ತಾಗಿರಲಿಲ್ಲ. ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಈಗ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಇಬ್ಬರೂ ವ್ಯಾಯಾಮಕ್ಕೆ ಹೋಗುತ್ತೇವೆ. ಕೀಲಿಕೈ ಮಾಡಿಕೊಡುವವನ ಅಂಗಡಿಯ ಮಹಡಿ ಮೇಲೆ ಹಿಂದೆ ಡ್ಯಾನ್ಸ್ ಕಲಿಸುತ್ತಿದ್ದ ಒಂದು ಹಾಲ್ ಇದೆ, ಒಂದು ಗೋಡೆಗೆ ಪೂರ್ತಿ ಕನ್ನಡಿ. ಇದೇ ಕಾಯಿಲೆಯವರು ಹತ್ತು ಹನ್ನೆರಡು ಮಂದಿ, ಜೊತೆಗೆ ನಮ್ಮಂಥ ಬಾಲಂಗೋಚಿಗಳು. ಹೇಳಿಕೊಡುವ ಮೇಡಂ ವಯಸ್ಸಿನಲ್ಲಿ ನಮ್ಮ ಮಗಳಂತಿದ್ದಾಳೆ, ಗದರುವುದರಲ್ಲಿ ನಮ್ಮತ್ತೆಯಂತೆ. ದೊಡ್ಡದಾಗಿ, ದೊಡ್ಡದಾಗಿ ಎನ್ನುವುದೇ ಅವಳ ಮಂತ್ರ. ಹೆಜ್ಜೆ ದೊಡ್ಡದಾಗಿ, ಕೈ ದೊಡ್ಡದಾಗಿ, ದನಿ ದೊಡ್ಡದಾಗಿ. ಈ ಕಾಯಿಲೆ ಎಲ್ಲವನ್ನೂ ಒಳಗೊಳಗೇ ಕುಗ್ಗಿಸುತ್ತದೆ, ನೀವು ಅತಿಯಾಯಿತು ಅನ್ನಿಸುವಷ್ಟು ಮಾಡಿದರೆ ಅದು ಸರಿಯಾದ ಅಳತೆಗೆ ಬರುತ್ತದೆ ಎನ್ನುತ್ತಾಳೆ. ಎಷ್ಟು ಬೇಗ ಶುರು ಮಾಡುತ್ತಾರೋ ಅಷ್ಟು ಒಳ್ಳೆಯದು ಎಂದೂ ಹೇಳುತ್ತಾಳೆ, ನಾವು ತಡ ಮಾಡಿದೆವು. ದನಿಗೆಂದು ಎಲ್ಲರೂ ಸುತ್ತ ಕೂತು ಒಟ್ಟಿಗೆ 'ಆ' ಎಂದು ಉಸಿರು ಮುಗಿಯುವವರೆಗೆ ಕೂಗಬೇಕು. ಮೊದಲ ದಿನ ಕೀಲಿಕೈಯವನು ಏನೋ ಅನಾಹುತವಾಯಿತೆಂದು ಸುತ್ತಿಗೆ ಹಿಡಿದು ಮೆಟ್ಟಿಲು ಹತ್ತಿ ಓಡಿ ಬಂದಿದ್ದ. ಬಂದವನು ಬಾಗಿಲಲ್ಲೇ ನಿಂತ. ಈ ಕಾಯಿಲೆ ಮುಖವನ್ನೂ ಮರಗಟ್ಟಿಸುತ್ತದಲ್ಲ, ಅಷ್ಟು ಬಾಯಿಗಳು ಕೂಗುತ್ತಿವೆ, ಒಂದು ಮುಖದಲ್ಲೂ ಒಂದು ಗೆರೆ ಅಲ್ಲಾಡುತ್ತಿಲ್ಲ. ಕನ್ನಡಿಯಲ್ಲಿ ಇನ್ನೂ ಅಷ್ಟೇ ಮುಖಗಳು. ಪಾಪ, ತಿಂಗಳುಗಟ್ಟಲೆ ಅವನು ಮಹಡಿಯ ಕಡೆ ತಲೆ ಎತ್ತಿ ನೋಡಲಿಲ್ಲ.

ನಾನೂ ಹೆದರಿದ್ದುಂಟು, ನಿನ್ನ ಹತ್ತಿರ ಮುಚ್ಚಿಡುವುದೇನು. ಒಂದು ದಿನ ವ್ಯಾಯಾಮ ಮುಗಿದು ನಾನು ಆಟೋ ನಿಲ್ಲಿಸಲೆಂದು ಮೊದಲು ಕೆಳಗಿಳಿದೆ. ಹಿಂದೆ ಯಾರೂ ಬರುವ ಸದ್ದಿಲ್ಲ. ತಿರುಗಿ ನೋಡಿದರೆ ಮೇಲೆ ಬಾಗಿಲಲ್ಲಿ ನಮ್ಮ ಗುಂಪಿನ ಬಸ್ ಡ್ರೈವರ್ ನಿಂತಿದ್ದಾರೆ, ಮೂವತ್ತು ವರ್ಷ ಬಸ್ಸು ಓಡಿಸಿದ ಆಸಾಮಿ, ಹೊಸ್ತಿಲು ದಾಟಲಾಗದೆ ಕಾಲು ನೆಲಕ್ಕೆ ಅಂಟಿಬಿಟ್ಟಿದೆ. ಅವರ ಹಿಂದೆ ನಿಮ್ಮಣ್ಣ, ಅವರ ಹಿಂದೆ ಇನ್ನೊಬ್ಬರು, ಸಾಲಿಗೆ ಸಾಲೇ ನಿಂತುಬಿಟ್ಟಿದೆ. ಕಲ್ಲಿನಂಥ ಮುಖಗಳೆಲ್ಲ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿವೆ, ಕೈಗಳು ಮಾತ್ರ ನಡುಗುತ್ತಿವೆ. ನನ್ನ ಗಂಡ ಇದರಲ್ಲಿ ಯಾರು ಎಂದು ಒಂದು ಗಳಿಗೆ ನನಗೆ ಗೊತ್ತಾಗಲಿಲ್ಲ. ಆಮೇಲೆ ಆ ಡ್ರೈವರೇ ಸಣ್ಣ ದನಿಯಲ್ಲಿ, ಗೇರ್ ಬೀಳ್ತಿಲ್ಲ ಕಣಮ್ಮ ಎಂದರು, ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮುಂದಿನ ವಾರ ನಿಮ್ಮಣ್ಣ ಬ್ರಶ್ಶು, ಹಳದಿ ಬಣ್ಣ ತೆಗೆದುಕೊಂಡು ಹೋಗಿ ಬಾಗಿಲವರೆಗೂ ಹೆಜ್ಜೆಗೊಂದರಂತೆ ಅಡ್ಡಗೆರೆ ಎಳೆದರು. ಗೆರೆ ಕಂಡರೆ ದಾಟಲೆಂದು ಕಾಲು ತಾನಾಗಿ ಏಳುತ್ತದೆ, ಅದು ಮೇಡಂ ಹೇಳಿಕೊಟ್ಟ ಉಪಾಯ. ಸುಮ್ಮನೆ ಕೂತಾಗ ಎಲೆಯಂತೆ ಅದುರುವ ಕೈ ಬ್ರಶ್ಶು ಹಿಡಿದಾಗ ನಿಂತಿತು ಕಣೋ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಪಡಸಾಲೆಯಲ್ಲೂ ಎಳೆದರು. ನೀನು ರಸ್ತೆಗೆ, ಅವರು ಮನೆಗೆ. ಅಣ್ಣ ತಮ್ಮಂದಿರ ಕಾಟದಿಂದ ನೆಲಕ್ಕೆ ಬಿಡುಗಡೆಯಿಲ್ಲ.

ಇನ್ನು ಹೇಳಬೇಕಾದ್ದಕ್ಕೆ ಬರುತ್ತೇನೆ, ನೀನು ಗಾಬರಿಯಾಗಬಾರದು. ಈ ಕಾಯಿಲೆಯವರಲ್ಲಿ ಕೆಲವರಿಗೆ, ಕಾಯಿಲೆಯಿಂದಲೋ ಮಾತ್ರೆಯಿಂದಲೋ, ಎದುರಿಗೆ ಇಲ್ಲದವರು ಇದ್ದಂತೆ ಕಾಣಿಸುತ್ತಾರೆ. ಡಾಕ್ಟರು ಇದು ಇರುವುದೇ, ವಾದ ಮಾಡಬೇಡಿ, ಹೆದರಲೂಬೇಡಿ ಎಂದಿದ್ದಾರೆ. ಹಾಲ್‌ನಲ್ಲಿ ಟೀ ಕುಡಿಯುವಾಗ ಅದನ್ನು ನೆರೆಹೊರೆಯವರ ಸುದ್ದಿಯಂತೆ ಮಾತಾಡಿಕೊಳ್ಳುತ್ತಾರೆ. ಡ್ರೈವರ್ ಬೆನ್ನ ಹಿಂದೆ ಯಾವಾಗಲೂ ಒಬ್ಬ ನಿಂತಿರುತ್ತಾನಂತೆ, ಟಿಕೆಟ್ ತಗೊಂಡಿಲ್ಲ ನನ್ಮಗ, ಇಳಿಯೋದೂ ಇಲ್ಲ ಎಂದು ಬೈಯುತ್ತಾರೆ. ಹೇಳಿಕೊಳ್ಳಲು ಜನ ಸಿಕ್ಕ ಮೇಲೆ ಅವರ ಅರ್ಧ ಭಯ ಹೋಯಿತಂತೆ. ನಿಮ್ಮಣ್ಣ ಒಂದು ದಿನ ಎಲ್ಲರ ಮುಂದೆ, ನಂಗೆ ನನ್ನ ತಮ್ಮ ಕಾಣಿಸ್ತಾನೆ ಎಂದರು. ಹೌದಪ್ಪಾ, ನೀನೇ. ನೀನು ಕನ್ನಡಿಯ ತುದಿಯಿಂದ ಬಂದು, ಬಣ್ಣ ಮೆತ್ತಿದ ಆ ಹಳೆಯ ಶರ್ಟಿನಲ್ಲಿ, ಅವರಿಗೆ ಬೆನ್ನು ಮಾಡಿ ಹಳದಿ ಗೆರೆಗಳ ಮೇಲೆ ಮುಂದೆ ನಡೆಯುತ್ತೀಯಂತೆ. ಚಿಕ್ಕಂದಿನಲ್ಲಿ ಅಣ್ಣ ಬೋರ್ಡು ಬರೆಯುವ ಅಂಗಡಿಯೊಳಗೆ ಎರಡೂ ಕೈ ಬೀಸಿಕೊಂಡು ನಡೆದು ಕೆಂಪು ಬಣ್ಣದ ಡಬ್ಬಿ ಉರುಳಿಸಿ, ಅಣ್ಣನ ಬಾಯಲ್ಲಿ ಬೀಸಣಿಗೆ ಎಂಬ ಹೆಸರು ಪಡೆದೆಯಲ್ಲ, ಹಾಗೇ ಬೀಸಿಕೊಂಡು. ನಿನ್ನ ಹಿಂದೆ ಹೋದರೆ ಅವರ ಕಾಲು ಅಂಟುವುದಿಲ್ಲ. ನಿಜಕ್ಕೂ ಅಂಟುವುದಿಲ್ಲ, ನಾನೇ ನೋಡಿದ್ದೇನೆ.

ನಮ್ಮ ಮನೆಗೂ ಬಂದೆ. ದಿನಾ ಸಂಜೆ ದೀಪ ಹಾಕುವ ಹೊತ್ತಿಗೆ ಪಡಸಾಲೆಯಲ್ಲಿ ನಿಮ್ಮಿಬ್ಬರ ನಡಿಗೆ. ಮೊದಮೊದಲು ನಾನು ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ. ಈಗ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತೇನೆ. ಅವರಿಗೆ ಬಿಡುವುದು ಮಾತ್ರವಲ್ಲ, ಅವರಿಗಿಂತ ಎರಡು ಹೆಜ್ಜೆ ಮುಂಚೆಯೇ ಬಿಡುತ್ತೇನೆ, ನಿನಗೆ. ಬಿಟ್ಟಾಗ ಕೆಲವೊಮ್ಮೆ, ಬಣ್ಣಕ್ಕೆ ಬೆರೆಸುತ್ತೀರಲ್ಲ, ಆ ಥಿನ್ನರ್ ವಾಸನೆ ಬಂದು ಹೋದಂತಾಗುತ್ತದೆ. ಆ ಗೆರೆಗಳು ಒಣಗಿ ಎಷ್ಟೋ ಕಾಲವಾಯಿತು. ನಗಬೇಡ, ನಿನ್ನ ಅತ್ತಿಗೆಗೆ ಅರಳುಮರುಳು ಇನ್ನೂ ಬಂದಿಲ್ಲ.

ಆದರೆ ಕೆಲವು ತಿಂಗಳಿಂದ ಅವರು ನಿನ್ನ ಮೇಲೆ ರೇಗುತ್ತಿದ್ದಾರೆ. ಎಡಗೈ ಬೀಸು, ಎಡಗೈ ಬೀಸೋ ಎಂದು ಕೂಗುತ್ತಾರೆ. ಮೊದಲ ಸಲ ಹಾಲ್‌ನಲ್ಲಿ ಕೂಗಿದಾಗ ತನಗೇ ಹೇಳಿದ್ದೆಂದು ಡ್ರೈವರ್ ಗಾಬರಿಯಾಗಿ ಎರಡೂ ಕೈ ಬೀಸಿ ಪಕ್ಕದವರ ಕನ್ನಡಕ ಹಾರಿಸಿದರು. ನಿಮ್ಮಣ್ಣನನ್ನು ಕೇಳಿದರೆ, ಅವನ ಬಲಗೈ ಆಡ್ತಾ ಇದೆ, ಎಡಗೈ ಮೈಗೆ ಅಂಟಿಕೊಂಡಿದೆ, ನೋಡೋಕಾಗಲ್ಲ ಎಂದರು. ಮೇಡಂ ಸಮಾಧಾನ ಹೇಳಿದಳು. ಇವರಿಗೆ ಬೀಸದಿರುವುದು ಬಲಗೈ, ಕನ್ನಡಿಯಲ್ಲಿ ಎದುರು ಬರುವವನಿಗೆ ಅದು ಎಡಗೈ ಆಗಿ ಕಾಣುತ್ತದೆ, ತಮ್ಮನ್ನೇ ನೋಡಿಕೊಂಡು ತಮ್ಮ ಅನ್ನುತ್ತಿದ್ದಾರೆ ಎಂದಳು. ನನಗೂ ಹೌದೆನ್ನಿಸಿ ಮನಸ್ಸು ಹಗುರಾಯಿತು. ಮನೆಗೆ ಬಂದ ಮೇಲೆ ನೆನಪಾಯಿತು, ನಮ್ಮ ಪಡಸಾಲೆಯಲ್ಲಿ ಕನ್ನಡಿ ಇಲ್ಲ. ಮತ್ತೆ ನೀನು ಎದುರು ಬರುವುದಿಲ್ಲ, ಯಾವಾಗಲೂ ಬೆನ್ನು ಮಾಡಿ ಮುಂದೆ ಹೋಗುತ್ತೀಯ.

ಈಗ ಅವರು ನಿನಗೆ ಕಲಿಸುತ್ತಿದ್ದಾರೆ. ಹಾಲ್‌ನಲ್ಲಿ ಕಲಿತದ್ದೆಲ್ಲವನ್ನೂ ಸಂಜೆ ನಿನಗೆ ಪಾಠ ಮಾಡುತ್ತಾರೆ. ಹಿಮ್ಮಡಿ ಮೊದಲು ಊರು, ಎದೆ ಎತ್ತು, ದೊಡ್ಡದಾಗಿ. ಮೂರು ವರ್ಷದಿಂದ ಪಿಸುಗುಡುತ್ತಿದ್ದ ಮನುಷ್ಯನ ದನಿ ಬೀದಿಗೆ ಕೇಳುತ್ತದೆ. ನಿನಗೆ ತೋರಿಸಿಕೊಡಬೇಕೆಂದು ತಾವೂ ಮಾಡುತ್ತಾರೆ, ಸುಸ್ತಾದರೂ ಬಿಡುವುದಿಲ್ಲ. ಮೇಡಂ ಎಷ್ಟು ಗದರಿದರೂ ಬಾರದ ಹುರುಪು ನಿನ್ನ ನೆಪದಲ್ಲಿ ಬಂದಿದೆ. ಮೊನ್ನೆ ಡಾಕ್ಟರು ಇದನ್ನೆಲ್ಲ ಕೇಳಿ, ಕಾಣುವುದು ಹೆಚ್ಚಾಗುತ್ತಿದೆ, ಬರುವ ಸೋಮವಾರದಿಂದ ಒಂದು ಮಾತ್ರೆ ಕಡಿಮೆ ಮಾಡೋಣ, ಕಾಣುವುದು ನಿಲ್ಲಬಹುದು ಎಂದರು. ನಿಮ್ಮಣ್ಣನ ಮುಖದಲ್ಲಿ ಏನೂ ತೋರಲಿಲ್ಲ, ಅದು ತೋರುವ ಮುಖವಲ್ಲ ಈಗ. ದಾರಿಯಲ್ಲಿ ಆಟೋದಲ್ಲಿ ನನ್ನ ಕೈ ಹಿಡಿದು, ಅವನಿಗೆ ಇನ್ನೂ ಸರಿಯಾಗಿ ಬಂದಿಲ್ಲ ಕಣೇ, ಅಷ್ಟರೊಳಗೆ ಕಳಿಸಿಬಿಟ್ರೆ ಹೆಂಗೆ ಎಂದರು. ನಾನು ಡಾಕ್ಟರ ಚೀಟಿಯನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡೆ.

ಉಳಿದಂತೆ ಎಲ್ಲ ಸರಿ. ನಿನ್ನ ಕೋಣೆಯ ಕಿಟಕಿಗೆ ಹೊಸ ಕೊಂಡಿ ಹಾಕಿಸಿದ್ದೇನೆ. ಡ್ರೈವರ್ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ. ನೋಡದವರನ್ನು ಕೇಳುವುದು ಹೇಗೆ ಎಂದರೆ, ವಾರವಾರ ನಮ್ಮ ಜೊತೆ ವ್ಯಾಯಾಮ ಮಾಡ್ತಾನಲ್ಲಮ್ಮ ಎನ್ನುತ್ತಾರೆ. ವೇಳೆಗೆ ಸರಿಯಾಗಿ ಉಣ್ಣು, ಮಲಗು, ಬಿಸಿಲಲ್ಲಿ ತಲೆಗೆ ಏನಾದರೂ ಹಾಕಿಕೋ. ನೂರು ಕಾಲ ಬಾಳು, ಕೈಕಾಲು ಗಟ್ಟಿಯಾಗಿಟ್ಟುಕೊಂಡು ಬಾಳು.

ಇಂತಿ,
ನಿನ್ನ ಕಿವಿ ಹಿಂಡಿ ಬೆಳೆಸಿದ
ಅತ್ತಿಗೆ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಸುತ್ತಿ ಬಳಸಿ ಬರೆದು, ಬರೆಯಬೇಕಾದ್ದನ್ನು ಬರೆಯಲು ಧೈರ್ಯ ಸಾಲಲಿಲ್ಲ. ನಿಮ್ಮಣ್ಣ ನಿನ್ನ ಎಡಗೈಗೆ ಬೈಯತೊಡಗಿದ್ದು ನೀನು ಎಡ ಭುಜದ ಮಾತು ಹೇಳುವುದಕ್ಕೆ ಎಷ್ಟೋ ಮೊದಲು. ನಿನ್ನ ಭುಜದ ವಿಷಯ ನಾನು ಅವರಿಗೆ ಇವತ್ತಿಗೂ ಹೇಳಿಲ್ಲ. ಈ ಕಾಯಿಲೆಯಲ್ಲಿ ಅವರಿಗೂ ಮೊಟ್ಟಮೊದಲು ಕೈಕೊಟ್ಟದ್ದು ಮೂಗು, ಥಿನ್ನರ್ ವಾಸನೆ ಅಭ್ಯಾಸವಾಗಿದೆ ಎಂದೇ ಅವರೂ ನಕ್ಕಿದ್ದರು. ಆಮೇಲೆ ಭುಜ ಹಿಡಿಯಿತು, ಒಂದು ವರ್ಷ ಮುಲಾಮು ಹಚ್ಚಿದೆವು. ಆಮೇಲೆ ದನಿ. ಅಲ್ಲಿ ನಿನ್ನ ನಡಿಗೆ ನೋಡುವವರು ಯಾರೂ ಇಲ್ಲ, ಒಂಟಿ ಜೀವ. ಕೆಲಸದವನೊಬ್ಬನನ್ನು ಹಿಂದೆ ನಿಲ್ಲಿಸಿಕೊಂಡು ನೀನು ಎಳೆದ ಗೆರೆಯ ಮೇಲೇ ಸ್ವಲ್ಪ ದೂರ ನಡೆ, ಎಡಗೈ ಆಡುತ್ತದೋ ಇಲ್ಲವೋ ಕೇಳು. ಅವನು ಏನೇ ಹೇಳಲಿ, ಡಾಕ್ಟರ ಹತ್ತಿರ ಹೋಗು, ಎಣ್ಣೆಯವನ ಹತ್ತಿರ ಅಲ್ಲ. ಡಾಕ್ಟರು ಏನೂ ಇಲ್ಲ ಎಂದರೆ ನನ್ನನ್ನು ಹುಚ್ಚಿ ಎಂದು ಜನ್ಮವಿಡೀ ಆಡಿಕೋ. ಇದೆ ಎಂದರೆ ಬಂದುಬಿಡು, ಹಾಲ್‌ನಲ್ಲಿ ನಿನ್ನ ಜಾಗ ಆಗಲೇ ಇದೆ, ಎಲ್ಲರಿಗೂ ಅಭ್ಯಾಸವಾಗಿದೆ. ನಿಮ್ಮಣ್ಣ ಎದ್ದಿದ್ದಾರೆ, ಪಡಸಾಲೆಯಲ್ಲಿ ದನಿ ಕೇಳುತ್ತಿದೆ. ನೀನು ಬಾಗಿಲ ಹತ್ತಿರ ನಿಂತುಬಿಟ್ಟಿದ್ದೀಯಂತೆ, ಗೆರೆ ದಾಟು ಎಂದು ಬೇಡಿಕೊಳ್ಳುತ್ತಿದ್ದಾರೆ. ಉತ್ತರವನ್ನು ಫೋನಿನಲ್ಲಿ ಹೇಳಬೇಡ, ಬೇರೆಯವರಿಂದ ಬರೆಸಬೇಡ. ನಿನ್ನ ಕೈಯಲ್ಲೇ ಒಂದು ಪುಟ ತುಂಬ ಬರೆ. ಮೊದಲ ಸಾಲಿನ ಅಕ್ಷರ ಎಷ್ಟು ದೊಡ್ಡದಿರುತ್ತದೋ, ಕೊನೆಯ ಸಾಲಿನದೂ ಅಷ್ಟೇ ದೊಡ್ಡದಿರಲಿ ನನ್ನಪ್ಪಾ.